ಫಲಕದ ನಡುವಿನ ಕಿಲ್ಲಾರಿ: ಶಾಲಾ ಭೂಗೋಳದ ಒಂದು ಪಾಠ ಕುರಿತು

ಭೂಫಲಕಗಳ ಪಾಠದಲ್ಲಿ ಮಕ್ಕಳು ಸಾಮಾನ್ಯವಾಗಿ ಎರಡು ನಕ್ಷೆ ನೋಡುತ್ತಾರೆ. ಒಂದರಲ್ಲಿ ಫಲಕಗಳ ಅಂಚು, ಇನ್ನೊಂದರಲ್ಲಿ ಭೂಕಂಪಗಳ ಚುಕ್ಕೆ. ಚುಕ್ಕೆಗಳಲ್ಲಿ ಬಹುಪಾಲು ಅಂಚಿನಗುಂಟ ಸಾಲುಗಟ್ಟಿರುವುದರಿಂದ, ಅಪಾಯವೆಲ್ಲ ಅಂಚಿನಲ್ಲಿ, ನಡುವೆ ಏನೂ ಇಲ್ಲ ಎಂದು ಮಗು ತೀರ್ಮಾನಿಸುತ್ತದೆ. ಈ ತೀರ್ಮಾನವನ್ನು ಪಾಠದೊಳಗೇ ತಿದ್ದಬೇಕು. ಅದಕ್ಕೆ ಕಿಲ್ಲಾರಿಗಿಂತ ಹತ್ತಿರದ ಉದಾಹರಣೆ ನಮಗಿಲ್ಲ. ನೇರ ಗೆರೆ ಎಳೆದರೆ ಕಲಬುರಗಿ ಜಿಲ್ಲೆಯ ಆಳಂದದಿಂದ ಅದು ಅರುವತ್ತು ಕಿ.ಮೀ. ಕೂಡ ಆಗದು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಈ ಊರು ನಡುಗಿತು. ಪರಿಮಾಣ 6.2. ಗಣಪತಿ ಕಳಿಸಿ ಬಂದ ಜನ ಗಾಢ ನಿದ್ದೆಯಲ್ಲಿದ್ದರು. ಸತ್ತವರ ಸಂಖ್ಯೆ ಹತ್ತು ಸಾವಿರವನ್ನು ಸಮೀಪಿಸಿತು. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಈ ಪ್ರದೇಶ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಡಲಾಯಿತು.

ಕಾರಣ ಫಲಕದ ಸಿದ್ಧಾಂತಕ್ಕೆ ಹೊರಗಿನದೇನಲ್ಲ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ವೇಗದಲ್ಲಿ ಈಶಾನ್ಯಕ್ಕೆ ಸರಿಯುತ್ತ ಯುರೇಷಿಯಾವನ್ನು ಒತ್ತುತ್ತಿದೆ. ಆ ಒತ್ತಡ ಹಿಮಾಲಯದಲ್ಲೇ ನಿಂತುಬಿಡುವುದಿಲ್ಲ. ಇಡೀ ಫಲಕದ ಮೈಗೂ ಹಬ್ಬುತ್ತದೆ. ದಖನ್ನಿನ ಬಸಾಲ್ಟ್ ಹಾಸಿನ ಕೆಳಗಿರುವ ಅತಿ ಪುರಾತನ ಶಿಲೆಯಲ್ಲಿ ಹಳೆಯ ಸ್ತರಭಂಗಗಳಿವೆ. ಒತ್ತಡ ತಾಳಲಾರದ ಕಡೆ ಅವು ಜಾರುತ್ತವೆ. ಕಿಲ್ಲಾರಿಯಲ್ಲಿ ಜಾರಿದ್ದು ಬಹಳ ಆಳದಲ್ಲಲ್ಲ, ಆದ್ದರಿಂದಲೇ ಮೇಲಿನ ಅಲುಗಾಟ ಅಷ್ಟು ಬಿರುಸಾಗಿತ್ತು.

ಆದರೆ ಸಾವಿನ ಲೆಕ್ಕವನ್ನು ಶಿಲೆಯೊಂದೇ ವಿವರಿಸದು. ಅಲ್ಲಿಯ ಮನೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಿಸಿಲು ತಡೆಯಲೆಂದು ದಪ್ಪಗೆ ಕಟ್ಟಿದ ಕಲ್ಲುಗೋಡೆ. ಗಾರೆಯಿಲ್ಲ, ಬರೀ ಮಣ್ಣು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಮಣ್ಣು-ಚೂರುಗಲ್ಲು. ಎರಡೂ ಸಾಲನ್ನು ಹಿಡಿದಿಡುವ ಉದ್ದನೆಯ ಕಲ್ಲುಗಳು ಇಲ್ಲವೆಂಬಷ್ಟು ವಿರಳ. ನೆಲ ಅಲುಗಿದಾಗ ಸಾಲುಗಳು ಬೇರೆಬೇರೆಯಾಗಿ ಉಬ್ಬಿ ಕುಸಿದವು. ಮಾಳಿಗೆಯ ಮೇಲೆ ತೊಲೆ-ಜಂತಿಗಳು ಹೊತ್ತ ಮಣ್ಣು ಬೇರೆ. ಸೋರಿದಾಗಲೆಲ್ಲ ಇನ್ನಷ್ಟು ಮೆತ್ತಿ ಅದು ಭಾರವಾಗುತ್ತಲೇ ಹೋಗಿತ್ತು. ಕೆಲವು ಮನೆಗಳಲ್ಲಿ ಮರದ ಕಂಬಗಳ ಚೌಕಟ್ಟು ನಿಂತೇ ಇದ್ದು ಗೋಡೆ ಮಾತ್ರ ಬಿದ್ದಿತ್ತು. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಮುಖ್ಯವೆನಿಸುವ ಸಂಗತಿ ಇದು: ಉಳಿಯುವ ಉಪಾಯದ ಅರ್ಧ ಭಾಗ ಆ ಮನೆಗಳಲ್ಲೇ ಇತ್ತು.

ಮಹಾರಾಷ್ಟ್ರದಲ್ಲೇ ಆದ 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪವೂ ಹೆಚ್ಚುಕಡಿಮೆ ಇದೇ ಪರಿಮಾಣದ್ದು, ಅದೂ ನಸುಕಿನದ್ದೇ. ಅಲ್ಲಿ ಸತ್ತವರು ಇನ್ನೂರರೊಳಗೆ. ಜನವಸತಿ, ನೆಲ, ಮನೆ ಎಲ್ಲ ಬೇರೆಯಾದ್ದರಿಂದ ವ್ಯತ್ಯಾಸಕ್ಕೆ ಒಂದೇ ಕಾರಣ ಹೇಳಲಾಗದು. (ಕೊಯ್ನಾದ ಕಂಪನಗಳಿಗೆ ಜಲಾಶಯದ ನೀರೇ ಪ್ರಚೋದನೆ ಎಂಬುದು ಬೇರೆಯೇ ಪಾಠ.) ಹೋಲಿಕೆಯಿಂದ ಇಷ್ಟಂತೂ ಸ್ಪಷ್ಟ: ಪರಿಮಾಣದಿಂದ ಸಾವನ್ನು ಊಹಿಸಲು ಬರುವುದಿಲ್ಲ. ಭೂಕಂಪವೆಂಬ ಅಪಾಯ ಒಂದು, ಅದರಿಂದ ಆಗುವ ಹಾನಿ ಇನ್ನೊಂದು. ಶಾಲೆಯಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಮತ್ತೆಮತ್ತೆ ಅದುರಿ ಜನ ಹೊರಗೆ ಮಲಗಿದರು. ಅಂಥ ಊರಿನ ಎಂಟನೇ ತರಗತಿಗೆ ಪೆಸಿಫಿಕ್‌ನ ಅಗ್ನಿವಲಯ ಬಿಡಿಸಲು ಹೇಳುವ ಮೊದಲು, ತಮ್ಮ ಮನೆಯ ಗೋಡೆಯ ದಪ್ಪ ಎಷ್ಟು, ಮೂಲೆಯಲ್ಲಿ ಎರಡು ಗೋಡೆಗಳ ಕಲ್ಲು ಒಂದರೊಳಗೊಂದು ಹೆಣೆದಿದೆಯೇ, ಮಾಳಿಗೆಯ ಮಣ್ಣು ಎಷ್ಟು ಗೇಣು ಎಂದು ಅಳೆದು ಬರೆದು ತರಲು ಹೇಳಬಹುದು.