ತುರ್ಭೆಯ ಪೇಟೆಯಿಂದ ಕಂಡ ವಿಲ್ಲಿ ಲೋಮನ್

ಆರ್ಥರ್ ಮಿಲ್ಲರ್‌ನ ‘ಡೆತ್ ಆಫ್ ಎ ಸೇಲ್ಸ್‌ಮನ್’ ಅನ್ನು ಅಮೆರಿಕನ್ ಕನಸಿನ ಭಂಗವೆಂದು ಓದುವುದು ವಾಡಿಕೆ. ಅದು ಸುಳ್ಳಲ್ಲ, ಸವೆದುಹೋದ ಓದು. ಮುಂಬಯಿಯ ಸಗಟು ವ್ಯಾಪಾರ ನೆಲೆಯೂರಿರುವ ತುರ್ಭೆಯಲ್ಲಿ ನಿಂತು ನೋಡಿದರೆ ಇದು ಮೊದಲಿಗೆ ಸಂಬಳ ತಪ್ಪಿದವನ ದುರಂತ.

ಎರಡನೆಯ ಅಂಕದಲ್ಲಿ ಸೇಲ್ಸ್‌ಮನ್ ವಿಲ್ಲಿ ಲೋಮನ್ ತನ್ನ ಯುವ ಧಣಿ ಹೊವಾರ್ಡ್‌ನ ಮುಂದೆ ನಿಲ್ಲುತ್ತಾನೆ. ಊರೂರು ಅಲೆದದ್ದು ಸಾಕು, ನ್ಯೂಯಾರ್ಕಿನಲ್ಲೇ ಕೆಲಸ ಬೇಕು. ವಾರಕ್ಕೆ 65 ಡಾಲರಿನಿಂದ ಶುರುಮಾಡಿ 50ಕ್ಕೆ, ಕೊನೆಗೆ 40ಕ್ಕೆ ಇಳಿಯುತ್ತಾನೆ. ಧಣಿಯ ಗಮನವೆಲ್ಲ ಹೊಸದಾಗಿ ಕೊಂಡ ಧ್ವನಿಮುದ್ರಣ ಯಂತ್ರದ ಮೇಲೆ. ಆತ ಹೊರಗೆ ಹೋದಾಗ ವಿಲ್ಲಿಯ ಕೈ ತಗುಲಿ ಯಂತ್ರ ಚಾಲೂ ಆಗುತ್ತದೆ. ರಾಜಧಾನಿಗಳ ಹೆಸರು ಒಪ್ಪಿಸುವ ಮಗುವಿನ ದನಿಯನ್ನು ನಿಲ್ಲಿಸಲು ಬಾರದೆ ಅವನು ಕಂಗಾಲಾಗಿ ಕೂಗುತ್ತಾನೆ. ಮಾತನ್ನೇ ಬಂಡವಾಳ ಮಾಡಿಕೊಂಡವನ ಗತಿ ಇದು.

ತುರ್ಭೆಯ ಎಪಿಎಂಸಿ ಪೇಟೆಯಲ್ಲಿ ಮೂಟೆ ಹೊರುವ ಮಾಥಾಡಿ ಕಾರ್ಮಿಕನಿಗೆ, ಕಾಗದದ ಮೇಲಾದರೂ, ಮಹಾರಾಷ್ಟ್ರದ 1969ರ ಕಾಯ್ದೆಯ ಆಸರೆಯಿದೆ. ಅವನ ಹೆಸರು ಮಂಡಳಿಯಲ್ಲಿ ದಾಖಲಾಗುತ್ತದೆ, ಭವಿಷ್ಯ ನಿಧಿಯೂ ಉಂಟು. ಬರೀ ಕಮಿಷನ್ನಿನ ಮೇಲೆ ಬದುಕುವ ವಿಲ್ಲಿಗೆ ಉಳಿದದ್ದು 20,000 ಡಾಲರಿನ ವಿಮೆ ಮಾತ್ರ. ಸತ್ತರಷ್ಟೇ ಕೈಗೆ ಬರುವ ಹಣ!

ಸಾಮಾನ್ಯನೂ ದುರಂತ ನಾಯಕನಾಗಬಲ್ಲನೆಂದು ಮಿಲ್ಲರ್ 1949ರ ಫೆಬ್ರವರಿ 27ರ ಲೇಖನದಲ್ಲಿ ವಾದಿಸಿದ. ಸೊಫೊಕ್ಲಿಸ್‌ನ ‘ಅಯಾಸ್’ ಆಧರಿಸಿ ಬಿ.ಎಂ.ಶ್ರೀ. ಬರೆದ ‘ಅಶ್ವತ್ಥಾಮನ್’ (1929) ವೀರನ ಅಭಿಮಾನಭಂಗದ ಕಥೆ. ವಿಲ್ಲಿಗೂ ಅಭಿಮಾನವಿದೆ, ಆದರೆ ಅದನ್ನು ತಿಂಗಳ ಕಂತುಗಳು ಸವೆಸುತ್ತವೆ. ಮಿಲ್ಲರ್‌ನ ವಾದ ಈ ಲೆಕ್ಕಾಚಾರಕ್ಕೆ ಸಾಕಷ್ಟು ಗಮನ ಕೊಟ್ಟಿಲ್ಲವೆಂದೇ ನನ್ನ ಅನಿಸಿಕೆ.

1949ರ ಫೆಬ್ರವರಿ 10ರಂದು ಬ್ರಾಡ್‌ವೇಯಲ್ಲಿ ಎಲಿಯಾ ಕಜಾನ್ ನಿರ್ದೇಶನದಲ್ಲಿ ತೆರೆಕಂಡ ಮೊದಲ ಪ್ರಯೋಗ 742 ಪ್ರದರ್ಶನ ಕಂಡಿತು. ರಂಗವಿನ್ಯಾಸಕ ಜೋ ಮೀಲ್ಜಿನರ್ ಕಟ್ಟಿದ್ದು ಮನೆಯ ಹಂದರವನ್ನಷ್ಟೇ. ವರ್ತಮಾನದಲ್ಲಿ ಪಾತ್ರಗಳು ಬಾಗಿಲಿನಿಂದಲೇ ಓಡಾಡುತ್ತವೆ. ನೆನಪಿನಲ್ಲಿ ಗೋಡೆಯನ್ನೇ ದಾಟಿಬಿಡುತ್ತವೆ. ಯಕ್ಷಗಾನ ಕಂಡ ಕಣ್ಣಿಗೆ ಇದರಲ್ಲಿ ಸೋಜಿಗವೇನಿದೆ? ತುರ್ಭೆಗೆ ಹತ್ತಿರದ ವಾಶಿಯ ನಾಟ್ಯಗೃಹ ಮರಾಠಿ ನಾಟಕಕಾರ ವಿಷ್ಣುದಾಸ ಭಾವೆಯವರ ಹೆಸರಿನದು. 1843ರಲ್ಲಿ ಸಾಂಗ್ಲಿಯಲ್ಲಿ ಅವರು ಆಡಿಸಿದ ‘ಸೀತಾ ಸ್ವಯಂವರ’ಕ್ಕೆ ಪ್ರೇರಣೆಯಾದದ್ದೂ ಯಕ್ಷಗಾನವೇ, ಕರ್ಕಿಯ ಭಾಗವತ ಮೇಳದ್ದು.

ಫಿರೋಜ್ ಅಬ್ಬಾಸ್ ಖಾನ್ ಈ ನಾಟಕವನ್ನು ಹಿಂದಿಯಲ್ಲಿ ‘ಸೇಲ್ಸ್‌ಮನ್ ರಾಮಲಾಲ್’ ಆಗಿಸಿ, ಸತೀಶ್ ಕೌಶಿಕ್ ಅವರನ್ನು ಮುಖ್ಯಪಾತ್ರಕ್ಕೆ ನಿಲ್ಲಿಸಿದರು. ಕನ್ನಡದಲ್ಲಿ ಆಡುವವರಿಗೆ ಕಾಲದ ಜಿಗಿತ ಕಷ್ಟವಾಗದು; ಕಷ್ಟವಿರುವುದು ಹೊವಾರ್ಡ್‌ನಲ್ಲಿ. ಅವನನ್ನು ಖಳನಾಗಿಸಿದರೆ ನಾಟಕ ಕೆಟ್ಟಂತೆಯೇ. ಅವನು ಯಾರನ್ನೂ ದ್ವೇಷಿಸುವುದಿಲ್ಲ, ಅಂಗಡಿಯ ಲೆಕ್ಕ ನೋಡುತ್ತಾನೆ ಅಷ್ಟೆ.