ಆಟೋ-ಟ್ಯೂನ್: ಶ್ರುತಿ ತಿದ್ದುವ ತಂತ್ರಾಂಶ ಮತ್ತು ಗಾಯನ

ಗಾಯಕರ ಕಂಠ ಶ್ರುತಿ ತಪ್ಪಿದಲ್ಲಿ ಅದನ್ನು ಪತ್ತೆ ಹಚ್ಚಿ, ಹತ್ತಿರದ ಸ್ವರಸ್ಥಾನಕ್ಕೆ ತಂದು ನಿಲ್ಲಿಸುವ ಕಂಪ್ಯೂಟರ್ ತಂತ್ರಾಂಶವೇ ಆಟೋ-ಟ್ಯೂನ್. ಅಮೆರಿಕದ ಆಂಟಾರೆಸ್ ಆಡಿಯೋ ಟೆಕ್ನಾಲಜೀಸ್ ಸಂಸ್ಥೆ 1997ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದು ಒಂದು ಸಂಸ್ಥೆಯ ಉತ್ಪನ್ನದ ಹೆಸರು. ಆದರೂ ವನಸ್ಪತಿಗೆಲ್ಲ ಡಾಲ್ಡಾ ಎನ್ನುವಂತೆ, ಈ ಬಗೆಯ ಎಲ್ಲ ತಂತ್ರಾಂಶಗಳಿಗೂ ಅದೇ ಹೆಸರು ನಿಂತುಬಿಟ್ಟಿದೆ.

ಆಟೋ-ಟ್ಯೂನ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಯಂತ್ರಮಾನವನ ದನಿಯಂತೆ ಮುರಿಮುರಿದು ಕೇಳಿಸುವ ಹಾಡು. ಅದು ಈ ತಂತ್ರಜ್ಞಾನದ ಒಂದು ಬಳಕೆ ಮಾತ್ರ. ಬಳಸಿದ್ದೇ ಗೊತ್ತಾಗದಂತೆ ಬಳಸುವುದು ಇನ್ನೊಂದು ಬಗೆ. ಗಾಯನದ ಮೇಲೆ ಹೆಚ್ಚು ಆಳವಾದ ಪರಿಣಾಮ ಬೀರಿರುವುದು ಈ ಎರಡನೆಯದೇ.

ತೈಲ ಶೋಧದಿಂದ ಸ್ವರ ಶೋಧಕ್ಕೆ

ಇದರ ಜನಕ ಆಂಡಿ ಹಿಲ್ಡೆಬ್ರಾಂಡ್ ವೃತ್ತಿಯಿಂದ ತೈಲೋದ್ಯಮದವರು. ಎಕ್ಸಾನ್ ಕಂಪನಿಯಲ್ಲಿ ದುಡಿದು, 1982ರಲ್ಲಿ ಲ್ಯಾಂಡ್‌ಮಾರ್ಕ್ ಗ್ರಾಫಿಕ್ಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದರು. ಭೂಮಿಯೊಳಕ್ಕೆ ಕಂಪನದ ಅಲೆಗಳನ್ನು ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯ ಮೇಲಿಂದ ತೈಲವಿರುವ ಪದರಗಳನ್ನು ಗುರುತಿಸುವುದು ಆ ಕ್ಷೇತ್ರದ ಕೆಲಸ. ಎಳೆಯ ವಯಸ್ಸಿನಲ್ಲಿಯೇ ಕೊಳಲು ನುಡಿಸುತ್ತಿದ್ದ ಹಿಲ್ಡೆಬ್ರಾಂಡ್, ತೈಲದ ಕೆಲಸ ಬಿಟ್ಟ ಮೇಲೆ ರೈಸ್ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನೆಯನ್ನು ಅಭ್ಯಸಿಸಿದರು. ಒಮ್ಮೆ ಊಟದ ವೇಳೆ ಪರಿಚಿತರೊಬ್ಬರ ಪತ್ನಿ, ತಾನು ಶ್ರುತಿಬದ್ಧವಾಗಿ ಹಾಡುವಂತೆ ಮಾಡುವ ಪೆಟ್ಟಿಗೆಯೊಂದನ್ನು ಮಾಡಿಕೊಡಬಾರದೇ ಎಂದು ತಮಾಷೆಗೆ ಕೇಳಿದರಂತೆ. ಆ ಮಾತೇ ಮುಂದೆ ಆಟೋ-ಟ್ಯೂನ್‌ಗೆ ಬೀಜವಾಯಿತು.

ತೈಲ ಶೋಧದಲ್ಲಿ ಅವರಿಗೆ ಚಿರಪರಿಚಿತವಾಗಿದ್ದ ಆಟೋಕೋರಿಲೇಶನ್ ಎಂಬ ಗಣಿತ ವಿಧಾನವೇ ಇಲ್ಲಿಯೂ ನೆರವಿಗೆ ಬಂತು. ದನಿಯ ಅಲೆಯನ್ನು ಅದರದೇ ತುಸು ಹಿಂದಿನ ಭಾಗದೊಂದಿಗೆ ಹೋಲಿಸುತ್ತ ಹೋದರೆ, ಅಲೆ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಎಂಬುದು ತಿಳಿಯುತ್ತದೆ. ಅದರಿಂದಲೇ ಸ್ವರದ ಕಂಪನಾಂಕವನ್ನು ಕಂಡುಕೊಳ್ಳಬಹುದು. ಅಂದಿನ ಕಂಪ್ಯೂಟರುಗಳಿಗೆ ಈ ಲೆಕ್ಕ ತೀರ ಭಾರವಾಗಿತ್ತು. ಅದನ್ನು ಹಾಡುತ್ತಿರುವಾಗಲೇ ಮುಗಿಸಬಲ್ಲಷ್ಟು ಹಗುರಗೊಳಿಸಿದುದು ಹಿಲ್ಡೆಬ್ರಾಂಡ್ ಅವರ ನಿಜವಾದ ಸಾಧನೆ. 440 ಹರ್ಟ್ಜ್ ಇರಬೇಕಾದ ಸ್ವರ 437.5ಕ್ಕೆ ಇಳಿದಿದ್ದರೆ ತಂತ್ರಾಂಶ ಅದನ್ನು ಎತ್ತಿ ಕೂರಿಸುತ್ತದೆ. ಎಷ್ಟು ಬೇಗ ಎತ್ತಬೇಕು ಎಂಬುದನ್ನು ಧ್ವನಿಮುದ್ರಣ ಮಾಡುವವರು ನಿರ್ಧರಿಸಬಹುದು. ನಿಧಾನವಾಗಿ ಎತ್ತಿದರೆ ಕೇಳುಗರಿಗೆ ಸುಳಿವು ಹತ್ತುವುದಿಲ್ಲ. ವೇಗದ ಅಂಕಿಯನ್ನು ಸೊನ್ನೆಗೆ ತಂದಿಟ್ಟರೆ ಕಂಠ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರದೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ ನೆಗೆಯುತ್ತದೆ.

ಬಯಲಾದ ಗುಟ್ಟು

ಈ ಸೊನ್ನೆಯನ್ನು ಜಗತ್ತು ಮೊದಲು ಕೇಳಿದುದು 1998ರಲ್ಲಿ, ಷೆರ್ ಹಾಡಿದ ‘ಬಿಲೀವ್’ ಗೀತೆಯಲ್ಲಿ. ತಮ್ಮ ಕೈಚಳಕ ಬೇರೆಯವರಿಗೆ ತಿಳಿಯಬಾರದೆಂದು ಅದರ ನಿರ್ಮಾಪಕರು ಬೇರೊಂದು ಉಪಕರಣದ ಹೆಸರು ಹೇಳಿ ಕೆಲಕಾಲ ದಾರಿ ತಪ್ಪಿಸಿದ್ದರು. 2005ರಿಂದೀಚೆಗೆ ಟಿ-ಪೇನ್ ಇದನ್ನೇ ತಮ್ಮ ಗುರುತಾಗಿಸಿಕೊಂಡರು. 2008ರಲ್ಲಿ ಕಾನ್ಯೆ ವೆಸ್ಟ್ ‘808ಸ್ ಅಂಡ್ ಹಾರ್ಟ್‌ಬ್ರೇಕ್’ ಆಲ್ಬಮ್‌ನುದ್ದಕ್ಕೂ ಬಳಸಿದರು. ವಿರೋಧವೂ ಅಷ್ಟೇ ಜೋರಾಗಿ ಎದ್ದಿತು. 2009ರ ಗ್ರ್ಯಾಮಿ ಸಮಾರಂಭಕ್ಕೆ ಡೆತ್ ಕ್ಯಾಬ್ ಫಾರ್ ಕ್ಯೂಟಿ ತಂಡದವರು ಪ್ರತಿಭಟನೆಯ ನೀಲಿ ಪಟ್ಟಿ ಧರಿಸಿ ಬಂದರು; ಅದೇ ವರ್ಷ ಜೇ-ಝೀ ಆಟೋ-ಟ್ಯೂನ್‌ನ ಮರಣವನ್ನೇ ಸಾರುವ ಹಾಡೊಂದನ್ನು ಹೊರತಂದರು. 2010ರಲ್ಲಿ ‘ಟೈಮ್’ ಪತ್ರಿಕೆ ಇದನ್ನು 50 ಕೆಟ್ಟ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು. ಸಾರಿದ ಮರಣ ಮಾತ್ರ ಬರಲಿಲ್ಲ. 2023ರಲ್ಲಿ ಹಿಲ್ಡೆಬ್ರಾಂಡ್ ಅವರಿಗೆ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು.

ಅಂದಹಾಗೆ, ಹಾಡಲು ಬಾರದವರ ಊರುಗೋಲು ಎಂಬ ಟೀಕೆಗೆ ಎಲ್ಲರಿಗಿಂತ ಹೆಚ್ಚು ಗುರಿಯಾದವರು ಟಿ-ಪೇನ್. 2014ರಲ್ಲಿ ಅಮೆರಿಕದ ಎನ್‌ಪಿಆರ್ ಬಾನುಲಿಗಾಗಿ ಯಾವ ತಿದ್ದುಪಡಿಯೂ ಇಲ್ಲದೆ ಹಾಡಿದಾಗ ಅವರು ಅಪ್ಪಟ ಗಾಯಕರೆಂಬುದು ಬಹುಮಂದಿಗೆ ಮನದಟ್ಟಾಯಿತು. ಅವರ ಮಟ್ಟಿಗೆ ಆಟೋ-ಟ್ಯೂನ್ ಒಂದು ವಾದ್ಯವಾಗಿತ್ತು.

ಕೇಳಿಸದ ತಿದ್ದುಪಡಿ

ಬಹಿರಂಗವಾಗಿ ಬಳಸುವವರಿಂದ ಕೇಳುಗನಿಗೆ ಮೋಸವಿಲ್ಲ. ಪ್ರಶ್ನೆ ಏಳುವುದು ಗುಟ್ಟಾಗಿ ಬಳಸಿದಾಗ. 2010ರಲ್ಲಿ ಬ್ರಿಟನ್ನಿನ ‘ದಿ ಎಕ್ಸ್ ಫ್ಯಾಕ್ಟರ್’ ಗಾಯನ ಸ್ಪರ್ಧೆಯಲ್ಲಿ ಸ್ಪರ್ಧಿಗಳ ದನಿಯನ್ನು ಪ್ರಸಾರಕ್ಕೆ ಮುನ್ನ ತಿದ್ದಿದುದು ಬೆಳಕಿಗೆ ಬಂದು ದೊಡ್ಡ ಗದ್ದಲವಾಯಿತು. ಯಾರು ಚೆನ್ನಾಗಿ ಹಾಡುತ್ತಾರೆ ಎಂಬುದನ್ನೇ ತೀರ್ಮಾನಿಸುವ ಕಾರ್ಯಕ್ರಮದಲ್ಲಿ ಯಂತ್ರ ಹಾಡಿದರೆ ಹೇಗೆ ಎಂಬ ವೀಕ್ಷಕರ ಆಕ್ಷೇಪ ನ್ಯಾಯವಾದುದೇ ಆಗಿತ್ತು.

ಧ್ವನಿಮುದ್ರಣದಲ್ಲಿ ತಿದ್ದುವುದು ಹೊಸತೇನಲ್ಲ. ಕನ್ನಡದ ಚಿತ್ರಗೀತೆಗಳು ಬಹುಕಾಲ ಮದ್ರಾಸಿನಲ್ಲಿ ಮುದ್ರಣಗೊಳ್ಳುತ್ತಿದ್ದಾಗ ಗಾಯಕರೂ ವಾದ್ಯವೃಂದವೂ ಒಟ್ಟಿಗೇ ನುಡಿಯಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಬಹುಪಥ ಮುದ್ರಣ ಬಂದ ಮೇಲೆ ತಪ್ಪಿದ ಸಾಲನ್ನಷ್ಟೇ ಮತ್ತೆ ಹಾಡಿಸಿ ಜೋಡಿಸುವ ಅನುಕೂಲವಾಯಿತು. ಆಗಲೂ ಆ ಸಾಲನ್ನು ಗಾಯಕನೇ ಸರಿಯಾಗಿ ಹಾಡಬೇಕಿತ್ತು. ಆಟೋ-ಟ್ಯೂನ್ ಹಾಗೂ 2001ರಲ್ಲಿ ಬಂದ ಜರ್ಮನಿಯ ಮೆಲೋಡೈನ್ ತಂತ್ರಾಂಶ ಈ ಷರತ್ತನ್ನು ತೆಗೆದುಹಾಕಿದವು. ಮೆಲೋಡೈನ್‌ನಲ್ಲಿ ಪ್ರತಿ ಸ್ವರವೂ ಪರದೆಯ ಮೇಲೆ ಒಂದೊಂದು ಉಂಡೆಯಂತೆ ಕಾಣುತ್ತದೆ. ಮೌಸ್‌ನಿಂದ ಅದನ್ನು ಮೇಲಕ್ಕೋ ಕೆಳಕ್ಕೋ ಎಳೆದರೆ ಸಾಕು.

ಇದರಿಂದ ಲಾಭವಿಲ್ಲವೆಂದಲ್ಲ. ಭಾವ ತುಂಬಿ ಬಂದ ಹಾಡಿಕೆಯಲ್ಲಿ ಒಂದೇ ಒಂದು ಸ್ವರ ಜಾರಿದ್ದರೆ, ಇಡೀ ಹಾಡನ್ನು ಮತ್ತೆ ಹಾಡಿಸಿ ಭಾವವನ್ನೇ ಕಳೆದುಕೊಳ್ಳುವುದಕ್ಕಿಂತ ಆ ಸ್ವರವನ್ನು ಸರಿಪಡಿಸುವುದು ವಿವೇಕ. ಆದರೆ ಒಂದು ಸ್ವರಕ್ಕೆಂದು ಬಂದ ಉಪಾಯ ಪ್ರತಿಯೊಂದು ಸ್ವರಕ್ಕೂ ಹಬ್ಬಿದಾಗ ಕೇಳುಗರ ಕಿವಿಯೇ ಬದಲಾಗುತ್ತದೆ. ತಿದ್ದಿದ ಕಂಠಗಳನ್ನೇ ಕೇಳಿ ಬೆಳೆದವರಿಗೆ ತಿದ್ದದ ಒಳ್ಳೆಯ ಕಂಠವೂ ಶ್ರುತಿ ತಪ್ಪಿದಂತೆ ತೋರಬಹುದು.

ಯಾರ ಲೆಕ್ಕದಲ್ಲಿ ಸರಿ?

ಸರಿಯಾದ ಸ್ವರ ಯಾವುದೆಂದು ಯಂತ್ರಕ್ಕೆ ಹೇಳಿಕೊಟ್ಟವರು ಯಾರು ಎಂಬ ಪ್ರಶ್ನೆ ಇಲ್ಲಿ ಮುಖ್ಯ. ತಂತ್ರಾಂಶಗಳು ಸಾಮಾನ್ಯವಾಗಿ ಅನುಸರಿಸುವುದು ಪಿಯಾನೋದ ಅಳತೆಯನ್ನು: ಒಂದು ಸ್ಥಾಯಿಯನ್ನು 12 ಸಮಪಾಲು ಮಾಡಿ, ಪಾಲಿಗೆ 100 ಸೆಂಟ್‌ನಂತೆ ಒಟ್ಟು 1,200 ಸೆಂಟ್. ಈ ಅಳತೆಯಲ್ಲಿ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲಿದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವಾದರೋ ಸುಮಾರು 386 ಸೆಂಟ್‌ನಲ್ಲಿದೆ. ತಂಬೂರಿಗೆ ಕಿವಿಗೊಟ್ಟು ನಿಖರವಾಗಿ ಹಾಡಿದ ಗಾಂಧಾರವನ್ನು ಯಂತ್ರ ತಪ್ಪೆಂದು ಬಗೆದು 14 ಸೆಂಟ್ ಮೇಲಕ್ಕೆ ನೂಕುತ್ತದೆ!

ಗಮಕದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಕರ್ನಾಟಕ ಸಂಗೀತದ ತೋಡಿಯಲ್ಲಿ ಗಾಂಧಾರದ ಸೊಗಸಿರುವುದೇ ಅದರ ಆಂದೋಲನದಲ್ಲಿ. ವೇಗದ ತಿದ್ದುಪಡಿಗೆ ಒಡ್ಡಿದರೆ ಅದು ಒಡೆದು ಮೆಟ್ಟಿಲಾಗುತ್ತದೆ. ಇದು ಕೇವಲ ನಮ್ಮ ದೂರಲ್ಲ. ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಾರರು ಎರಡು ಗಾಂಧಾರಗಳ ನಡುವೆ ಬೇಕೆಂದೇ ನಿಲ್ಲಿಸುವ ಸ್ವರಕ್ಕೂ ಪಿಯಾನೋದ ಮನೆಗಳಲ್ಲಿ ಜಾಗವಿಲ್ಲ. ಸ್ವರಸ್ಥಾನಗಳನ್ನು ಬೇಕಾದಂತೆ ಹೊಂದಿಸಿಕೊಳ್ಳುವ, ಗಮಕವಿರುವೆಡೆ ತಿದ್ದುಪಡಿಯನ್ನು ಕೈಬಿಡುವ ಸೌಲಭ್ಯ ಈ ತಂತ್ರಾಂಶಗಳಲ್ಲಿ ಇದೆ ಎಂಬುದನ್ನೂ ಹೇಳಬೇಕು. ಅದಕ್ಕೆ ಕುಳಿತವರಿಗೆ ರಾಗಜ್ಞಾನವೂ ಬಿಡುವೂ ಇರಬೇಕಷ್ಟೆ.

ಇದೇ ಜಗಳವನ್ನು ನಮ್ಮ ದೇಶ ಹಿಂದೆಯೂ ಕಂಡಿದೆ. ಹಾರ್ಮೋನಿಯಂನ ನಿಶ್ಚಲ ಸ್ವರಗಳು ನಮ್ಮ ಸಂಗೀತಕ್ಕೆ ಹೊಂದುವುದಿಲ್ಲವೆಂದು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ನಿಷೇಧಿಸಿ, 1971ರಲ್ಲಷ್ಟೇ ನಿರ್ಬಂಧ ಸಡಿಲಿಸಿತು. ಇಷ್ಟಾದರೂ ಹಿಂದೂಸ್ತಾನಿ ಗಾಯನ ಕಳೆಗುಂದಲಿಲ್ಲ. ಹಾರ್ಮೋನಿಯಂ ಗಾಯಕನ ಪಕ್ಕದಲ್ಲಿ ಕುಳಿತು ನುಡಿಯುತ್ತದೆ. ಅದರ ಮನೆಗಳ ನಡುವಿನ ಜಾಗದಲ್ಲಿ ಓಡಾಡಲು ಕಂಠಕ್ಕೆ ಅಡ್ಡಿಯಿಲ್ಲ. ಆಟೋ-ಟ್ಯೂನ್ ಕಂಠದೊಳಕ್ಕೇ ಇಳಿಯುತ್ತದೆ.

ಹೊಸ ಹಾಡೊಂದರಲ್ಲಿ ತಿದ್ದುಪಡಿ ನಡೆದಿದೆಯೇ ಎಂದು ಊಹಿಸಲು ಕೆಲವು ಗುರುತುಗಳಿವೆ. ದೀರ್ಘ ಸ್ವರ ಗೆರೆ ಎಳೆದಂತೆ ತುಸುವೂ ಅಲುಗದೆ ನಿಂತಿದ್ದರೆ, ಸಾಲಿನ ಮೊದಲ ಅಕ್ಷರ ಕೆಳಗಿನಿಂದ ಜಾರಿ ಬರದೆ ನೇರ ಸ್ವರದ ಮೇಲೆಯೇ ಬಿದ್ದರೆ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಲ್ಲಿ ದನಿ ಚಿಟ್ಟನೆ ಮುರಿದರೆ ಶಂಕಿಸಬಹುದು. ಇಯರ್‌ಫೋನಿನಲ್ಲಿ, ವಾದ್ಯಗಳು ತೆಳುವಾಗಿರುವ ಪಲ್ಲವಿಯ ಆರಂಭದಲ್ಲಿ ಇದು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ.