ಶಿಲೆಯ ಗೆರೆಗಳು ಮತ್ತು ಕಾಲನಿರ್ಣಯ

ಮುಂಡಗೋಡ ಸೀಮೆಯ ನೆಲದಡಿಯ ಬಂಡೆಗಳು ಭೂವಿಜ್ಞಾನದಲ್ಲಿ ‘ಧಾರವಾಡ ಶಿಲಾಸಮೂಹ’ವೆಂದು ಪ್ರಸಿದ್ಧವಾಗಿವೆ. ಶಿವಮೊಗ್ಗದ ಕಡೆಯಿಂದ ವಾಯವ್ಯಕ್ಕೆ ಗೋವೆಯವರೆಗೆ ಹಬ್ಬಿರುವ ಪಟ್ಟಿಯೊಂದು ಈ ಸೀಮೆಯನ್ನು ಹಾದುಹೋಗುತ್ತದೆ. 1880ರ ದಶಕದಲ್ಲಿ ಈ ಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಉಪಕರಣವನ್ನು ಗುರುತಿಸಿದ ವಿದ್ವಾಂಸರೂ ಇವರೇ.

ಈ ಶಿಲೆಗಳಲ್ಲಿ ಬಹುಭಾಗ ನೀರಿನಡಿ ಪದರಗೊಂಡ ಕೆಸರು ಮರಳುಗಳಿಂದಾದುದೆಂದು ಫೂಟ್ ತಿಳಿದಿದ್ದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಇದನ್ನು ಒಪ್ಪಲಿಲ್ಲ. ಧಾರವಾಡ ಶಿಲೆಗಳು ಮೂಲತಃ ಅಗ್ನಿಶಿಲೆಗಳು. ಅವುಗಳೊಳಗಿನ ದುಂಡುಗಲ್ಲುಗಳು ಹೊಳೆಯಲ್ಲಿ ಉರುಳಿದವಲ್ಲ, ಭೂಮಿಯ ಒತ್ತಡದಿಂದ ನುಗ್ಗಾದವು ಎಂಬುದು ಅವರ ವಾದ. ಮುಂದೆ ಬಿ. ರಾಮರಾಯರು ಜಲಜನ್ಯ ಮೂಲವನ್ನು ಪುನಃ ಪ್ರತಿಪಾದಿಸಿದರು. ಬಂಡೆಯ ಮೇಲಣ ಅಲೆಗುರುತುಗಳು ಈ ಪಕ್ಷಕ್ಕೆ ಬಲವಾದ ಆಧಾರಗಳಾದವು. 1990ರ ದಶಕದಲ್ಲಿ ಚನ್ನಗಿರಿ ಸೀಮೆಯ ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಯಲ್ಲಿನ ಜಿರ್ಕಾನ್ ಹರಳುಗಳನ್ನು ಪರೀಕ್ಷಿಸಲಾಯಿತು. ಹರಳಿನೊಳಗಿನ ಯುರೇನಿಯಂ ನಿಯತವಾದ ವೇಗದಲ್ಲಿ ಸೀಸವಾಗುತ್ತದೆ. ಇವೆರಡರ ಪ್ರಮಾಣದಿಂದ ವಯಸ್ಸನ್ನು ಲೆಕ್ಕ ಹಾಕಬಹುದು. ದೊರೆತ ಉತ್ತರ ಸುಮಾರು 261 ಕೋಟಿ ವರ್ಷ.

ಅಲೆಗುರುತನ್ನು ಓದಲು ವಯಸ್ಸು ತಿಳಿಯಬೇಕಿಲ್ಲ; ನೀರು ಎಲ್ಲ ಕಾಲದಲ್ಲೂ ಮರಳನ್ನು ಒಂದೇ ಬಗೆಯಲ್ಲಿ ಮಡಿಸುತ್ತದೆ. ಜೀವಿಯ ಜಾಡಿನ ಮಾತು ಹಾಗಲ್ಲ. ಮಧ್ಯಪ್ರದೇಶದ ವಿಂಧ್ಯ ಶಿಲಾಸಮೂಹದಲ್ಲಿ ನಡೆದ ಚರ್ಚೆ ಇದಕ್ಕೆ ನಿದರ್ಶನ. ಅಲ್ಲಿನ ಚೋರಹಟ್ ಮರಳುಗಲ್ಲಿನಲ್ಲಿ ಹುಳು ಕೊರೆದ ಬಿಲದಂತಿರುವ ಗೆರೆಗಳಿವೆ. ಅಡಾಲ್ಫ್ ಸೈಲಾಖರ್, ಪ್ರದೀಪ್ ಬೋಸ್ ಮತ್ತು ಫ್ರೀಡ್ರಿಷ್ ಪ್‌ಫ್ಲ್ಯೂಗರ್ 1998ರಲ್ಲಿ ಇವನ್ನು ಸುಮಾರು 110 ಕೋಟಿ ವರ್ಷ ಹಿಂದಿನ ಪ್ರಾಣಿಗಳ ಜಾಡೆಂದು ಪ್ರಕಟಿಸಿದರು. ಅದೇ ವರ್ಷ ಆರ್. ಜೆ. ಅಜ್ಮಿ ಅದೇ ಸಮೂಹದ, ಇನ್ನೂ ಮೇಲಿನ ಸ್ತರದ ರೋಹ್ತಾಸ್ ಸುಣ್ಣಕಲ್ಲಿನಲ್ಲಿ ಚಿಪ್ಪಿನಂಥ ಸೂಕ್ಷ್ಮ ಪಳೆಯುಳಿಕೆಗಳನ್ನು ವರದಿ ಮಾಡಿದರು. ಆಕಾರದ ಸಾಮ್ಯದಿಂದ ಅವು ಕೇಂಬ್ರಿಯನ್ ಯುಗದ ಆರಂಭಕ್ಕೆ, ಅಂದರೆ ಸುಮಾರು 54 ಕೋಟಿ ವರ್ಷಗಳ ಹಿಂದಕ್ಕೆ ಸೇರುತ್ತವೆ ಎಂಬುದು ಅವರ ನಿಲುವು. ಹೀಗೆ ಒಂದೇ ಶಿಲಾಸಮೂಹಕ್ಕೆ, ಒಂದು ಮತ್ತೊಂದರ ಇಮ್ಮಡಿಯಾದ ಎರಡು ವಯಸ್ಸುಗಳು ಬಂದವು.

2002ರಲ್ಲಿ ಎರಡು ಸಂಶೋಧಕ ತಂಡಗಳು ಈ ಸ್ತರಗಳ ನಡುವಿನ ಜ್ವಾಲಾಮುಖಿ ಬೂದಿಯ ಜಿರ್ಕಾನ್‌ಗಳನ್ನು ಅಳೆದು, ಚೋರಹಟ್ ಶಿಲೆಗೆ ಸುಮಾರು 160 ಕೋಟಿ ವರ್ಷಗಳ ವಯಸ್ಸನ್ನು ನಿರ್ಧರಿಸಿದವು. ಎರಡೂ ಹಳೆಯ ಅಂದಾಜುಗಳು ಬಿದ್ದುಹೋದವು. ಪ್ರಾಣಿಗಳ ನಿರ್ವಿವಾದವಾದ ಜಾಡುಗಳು 60 ಕೋಟಿ ವರ್ಷಗಳಿಗಿಂತ ಈಚಿನವು. ಚೋರಹಟ್‌ನ ಗೆರೆಗಳು ಪ್ರಾಣಿಗಳವೇ ಆಗಿದ್ದರೆ ನಡುವಣ ನೂರು ಕೋಟಿ ವರ್ಷ ಆ ಸಂತತಿ ಗುರುತನ್ನೇ ಉಳಿಸದೆ ಬದುಕಿತ್ತೆನ್ನಬೇಕಾಗುತ್ತದೆ. ಆದುದರಿಂದ ಬಹುಪಾಲು ವಿದ್ವಾಂಸರು ಅವನ್ನು ಪ್ರಾಣಿಗಳ ಜಾಡೆಂದು ಒಪ್ಪುವುದಿಲ್ಲ. ಸೂಕ್ಷ್ಮಜೀವಿಗಳ ಲೋಳೆಪದರ ಒಣಗಿ ಬಿರಿದ ಗುರುತುಗಳಿರಬಹುದೆಂಬ ವಿವರಣೆ ಮುಂದೆ ಬಂದಿದೆ. ಅಜ್ಮಿಯವರ ಪಳೆಯುಳಿಕೆಗಳ ಕಥೆ ಬೇರೆ ತಿರುವು ಪಡೆಯಿತು. 2009ರಲ್ಲಿ ಸ್ಟೀಫನ್ ಬೆಂಗ್ಟ್‌ಸನ್ ಮತ್ತು ಸಂಗಡಿಗರು ಆ ಬಗೆಯ ಪಳೆಯುಳಿಕೆಗಳನ್ನು ಮರುಪರೀಕ್ಷಿಸಿ ಅವು ನಿಜವಾದವೆಂದೂ, ಆದರೆ 160 ಕೋಟಿ ವರ್ಷಗಳಷ್ಟು ಹಳೆಯವೆಂದೂ ತೋರಿಸಿದರು. ವಸ್ತು ಉಳಿಯಿತು, ಅದರ ಅರ್ಥ ಬದಲಾಯಿತು.

ಸಾಹಿತ್ಯ ಸಂಶೋಧಕರಿಗೆ ಇದು ಅಪರಿಚಿತವಾದ ತೊಡಕಲ್ಲ. ತೇದಿಯಿಲ್ಲದ ಹಲ್ಮಿಡಿ ಶಾಸನದ ಕಾಲವನ್ನು ಲಿಪಿ, ಭಾಷೆ ಮೊದಲಾದ ಲಕ್ಷಣಗಳಿಂದಲೇ ಊಹಿಸಬೇಕಾಗಿದೆ. ಲಕ್ಷಣಗಳಿಂದ ಕೃತಿಯೊಂದರ ಕಾಲವನ್ನು ಗೊತ್ತುಮಾಡಿ, ಅನಂತರ ಆ ಕೃತಿಯಿಂದಲೇ ಆ ಕಾಲದ ಲಕ್ಷಣಗಳನ್ನು ವಿವರಿಸಿದರೆ ವಾದ ಸುತ್ತಿಕೊಂಡು ನಿಂತಲ್ಲಿಯೇ ನಿಲ್ಲುತ್ತದೆ. ವಿಂಧ್ಯದಲ್ಲಿ ಬೂದಿಯ ಹರಳು ಹೊರಗಿನ ಸಾಕ್ಷಿಯಾಗಿ ಒದಗಿತು. ಅಂಥ ಸಾಕ್ಷಿಯಿಲ್ಲದ ಕಡೆ ಕಾಲನಿರ್ಣಯವನ್ನು ಊಹೆಯೆಂದೇ ಹೆಸರಿಸಿ, ಅದರ ಮೇಲೆ ಕಟ್ಟಿದ ಅರ್ಥವನ್ನೂ ತಿದ್ದುಪಡಿಗೆ ತೆರೆದಿಡಬೇಕು.